ಹವ್ಯಾಸದಿಂದ ಸ್ವಂತ ಡಿಸ್ಟಿಲರಿಗೆ: ನಡುವೆ ಏನೇನು ಬರುತ್ತದೆ?

ಲಾವಂಚ:
ಮಜ್ಜಿಗೆ ಹುಲ್ಲು, ಲಾವಂಚ, ಪಚ್ಚೆ ತೆನೆ ಅಂತ ಸಣ್ಣ ತಾಮ್ರದ ಪಾತ್ರೆಯಲ್ಲಿ ಸುಗಂಧ ತೈಲ ಇಳಿಸುವ ಹವ್ಯಾಸದವರು ಇಲ್ಲಿ ತುಂಬ ಜನ ಇದ್ದೀರಿ. ಅಲ್ಲಿಂದ ಮುಂದೆ ಹೋಗಿ ಸಣ್ಣ ಮಟ್ಟದ ಜಿನ್ ಅಥವಾ ಬೆಲ್ಲದ ಮದ್ಯದ ಡಿಸ್ಟಿಲರಿ ಹಾಕಬೇಕು ಅಂದರೆ ಯಾವ ಕ್ರಮದಲ್ಲಿ ಹೋಗಬೇಕು? ಕಾನೂನು ಮುರಿಯದೆ ಕಲಿಯುವುದು ಎಲ್ಲಿ? ಎಷ್ಟು ಲೀಟರಿನ ಸ್ಟಿಲ್ (ಬಟ್ಟಿ ಇಳಿಸುವ ಪಾತ್ರೆ) ಬೇಕು? ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? "ಪ್ಯಾಶನ್ ಇದ್ದರೆ ಸಾಕು" ಅನ್ನುವ ಉತ್ತರ ಬೇಡ. ಅಂಕಿ-ಅಂಶ ಇದ್ದರೆ ಬರೆಯಿರಿ.

ಹಳೆ ಬಾಯ್ಲರ್:
ಮೊದಲು ಕಾನೂನು, ಆಮೇಲೆ ಪಾತ್ರೆ. ಮದ್ಯ ರಾಜ್ಯಪಟ್ಟಿಯ ವಿಷಯ. ನಮ್ಮಲ್ಲಿ ನಡೆಯುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಒಂದು ಲೋಟ ಬಟ್ಟಿ ಇಳಿಸಿದರೂ ಅದು ಕಳ್ಳಭಟ್ಟಿಯೇ. "ನಾನು ಮಾರಲ್ಲ, ನನಗೇ" ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ. 32ನೇ ಕಲಂ ಪ್ರಕಾರ ಮದ್ಯ ಮಾಡುವ ಉದ್ದೇಶಕ್ಕೆ ಸ್ಟಿಲ್, ಪಾತ್ರೆ, ಕಚ್ಚಾವಸ್ತು ಇಟ್ಟುಕೊಂಡಿರುವುದೂ ಅಪರಾಧ. ಆದ್ದರಿಂದ ತೈಲದ ಪಾತ್ರೆಯ ಪಕ್ಕದಲ್ಲಿ ಬೆಲ್ಲದ ನೀರು ನೊರೆ ಬಿಡುತ್ತಿರುವ ಡ್ರಮ್ಮು ಇರಬಾರದು. ಪೇಪರಿನಲ್ಲಿ "ಬೆಲ್ಲದ ಕೊಳೆ ವಶ" ಅಂತ ಬರುತ್ತದಲ್ಲ, ಅದು ಇದೇ.

ಹಾಗಾದರೆ ಕಲಿಯುವುದು ಹೇಗೆ? ನಾಲ್ಕು ದಾರಿ ಇವೆ.

ತೈಲ ಇಳಿಸುವುದೇ ಅರ್ಧ ಪಾಠ. ಆವಿ ಎಷ್ಟು ಜೋರಾಗಿ ಬರಬೇಕು, ಆವಿ ತಣಿಸುವ ಕಂಡೆನ್ಸರ್ ಬಿಸಿಯಾದರೆ ಏನಾಗುತ್ತದೆ, ಸೊಪ್ಪು ಬಿಗಿಯಾಗಿ ತುಂಬಿದರೆ ಆವಿ ಒಂದೇ ಕಡೆ ಸೀಳಿಕೊಂಡು ಹೋಗುವುದು, ಇವೆಲ್ಲ ಜಿನ್ನಿಗೆ ಆವಿಯ ದಾರಿಯಲ್ಲಿ ಇಡುವ ಮಸಾಲೆ ಬುಟ್ಟಿಯಲ್ಲೂ ಹಾಗೇ ಇರುತ್ತವೆ. ಎರಡನೆಯದು ಓದು. ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯಲ್ಲಿ ಹುದುಗುವಿಕೆ ಮತ್ತು ಆಲ್ಕೋಹಾಲ್ ತಂತ್ರಜ್ಞಾನದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಪುಣೆಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇದೆ. ಹೊರಗೆ ಹೋಗುವವರಿಗೆ ಎಡಿನ್‌ಬರೋದ ಹೆರಿಯಟ್-ವಾಟ್ ಇದೆ. ಮೂರನೆಯದು, ಪರವಾನಗಿ ಇರುವ ಡಿಸ್ಟಿಲರಿಯಲ್ಲಿ ಕೆಲಸ, ಇಲ್ಲವೇ ಅವರ ಲ್ಯಾಬಿನ ಗಾಜಿನ ಸ್ಟಿಲ್ಲಿನಲ್ಲಿ ಒಪ್ಪಂದದ ಮೇಲೆ ಪ್ರಯೋಗ. ನಾಲ್ಕನೆಯದು ಮೂಗು. ಒಂದೊಂದೇ ಮಸಾಲೆಯನ್ನು ಅಂಗಡಿಯಿಂದ ತಂದ ವೋಡ್ಕಾದಲ್ಲಿ ನೆನೆಸಿ 6, 12, 24 ಗಂಟೆಗೆ ಮೂಸಿ ಬರೆದಿಡುವುದು. ಇದಕ್ಕೆ ಬಟ್ಟಿ ಬೇಕಾಗಿಲ್ಲ.

ಆಕ್ಲೆಂಡ್ ಕನ್ನಡಿಗ:
ಹವ್ಯಾಸಕ್ಕಾಗಿ ಬಟ್ಟಿ ಇಳಿಸುವುದು ನಿಜವಾಗಿ ಕಾನೂನುಬದ್ಧ ಆಗಿರುವ ದೇಶಗಳು ಕಡಿಮೆ. ನ್ಯೂಜಿಲೆಂಡ್ ಅದರಲ್ಲಿ ಒಂದು. 1996ರಿಂದ ಸ್ವಂತ ಬಳಕೆಗೆ ಮಾಡಿಕೊಳ್ಳಬಹುದು, ಆದರೆ ಒಂದು ಬಾಟಲಿ ಮಾರಿದರೂ ಕಸ್ಟಮ್ಸ್ ಪರವಾನಗಿ ಬೇಕು. ಅದಕ್ಕೇ ಇಲ್ಲಿ ಹವ್ಯಾಸದಿಂದ ಉದ್ಯಮಕ್ಕೆ ಬರುವವರ ಸಾಲು ಕಾಣುತ್ತದೆ. ಅಮೆರಿಕದಲ್ಲಿ ಫೆಡರಲ್ ಕಾನೂನಿನ ಪ್ರಕಾರ ಮನೆ ಬಟ್ಟಿ ಅಪರಾಧ. ಡಿಸ್ಟಿಲರಿ ಪರವಾನಗಿಯ ಅರ್ಜಿಗೆ ಶುಲ್ಕವೇನೋ ಇಲ್ಲ, ಆದರೆ ವಾಸದ ಮನೆಯಲ್ಲೂ ಅದರ ಹಿತ್ತಲಲ್ಲೂ ಡಿಸ್ಟಿಲರಿ ಇರುವಂತಿಲ್ಲ. ಜಾಗ, ಯಂತ್ರ ತೋರಿಸಿಯೇ ಅರ್ಜಿ ಹಾಕಬೇಕು, ಅಂದರೆ ಅನುಮತಿ ಬರುವವರೆಗೆ ಬಾಡಿಗೆ ಸುಮ್ಮನೆ ಹೋಗುತ್ತಿರುತ್ತದೆ. ಬ್ರಿಟನ್ನಿನಲ್ಲಿ 1800 ಲೀಟರಿಗಿಂತ ಸಣ್ಣ ಸ್ಟಿಲ್ಲಿಗೆ ಪರವಾನಗಿ ಸಿಗುವುದೇ ಕಷ್ಟ ಇತ್ತು. ಲಂಡನ್ನಿನ ಸಿಪ್‌ಸ್ಮಿತ್ ಜಿನ್ ಡಿಸ್ಟಿಲರಿಯವರು 2009ರಲ್ಲಿ ಜಗಳ ಮಾಡಿ ಪಡೆದ ಮೇಲೆ ಉಳಿದವರಿಗೆ ಬಾಗಿಲು ತೆರೆಯಿತು. ಅವರ ಮೊದಲ ಸ್ಟಿಲ್ 300 ಲೀಟರಿನದ್ದು.

ಹವ್ಯಾಸದಲ್ಲಿ ಕಲಿತದ್ದರಲ್ಲಿ ಜತೆಗೆ ಬರುವುದು ಒಂದೇ: ಕಟ್ ಮಾಡುವ, ಅಂದರೆ ಇಳಿದದ್ದನ್ನು ಮೂಸಿ ಬೇಕಾದದ್ದು-ಬೇಡದ್ದು ಬೇರೆ ಮಾಡುವ ಮೂಗು. 25 ಲೀಟರಿನ ಬಾಯ್ಲರಿನಲ್ಲಿ ಇಳಿಸುವವರು 200 ಮಿ.ಲೀ. ಜಾಡಿಗಳಲ್ಲಿ ಸಾಲಾಗಿ ಹಿಡಿದು, ಬಾಯಿಗೆ ತೆಳುಬಟ್ಟೆ ಕಟ್ಟಿ ಒಂದು ರಾತ್ರಿ ಬಿಡುತ್ತಾರೆ. ಮರುದಿನ ಒಂದೊಂದು ಜಾಡಿಯಿಂದ ಚೂರು ತೆಗೆದು ನೀರು ಬೆರೆಸಿ 25%ಗೆ ಇಳಿಸಿ ಮೂಸುತ್ತಾರೆ. ನೇಲ್ ಪಾಲಿಶ್ ವಾಸನೆ ಇರುವವು ಹೆಡ್ಸ್, ನೆನೆದ ರಟ್ಟಿನ ವಾಸನೆ ಬರತೊಡಗಿದರೆ ಟೇಲ್ಸ್, ನಡುವಿನದ್ದು ಹಾರ್ಟ್ಸ್. ದೊಡ್ಡ ಸ್ಟಿಲ್ಲಿನಲ್ಲಿ ಜಾಡಿ ಇಲ್ಲ, ಅಲ್ಲೇ ನಿಂತು ವಾಲ್ವ್ ತಿರುಗಿಸಬೇಕು. ಆದರೆ ಮೂಗು ಅದೇ.

ಬಾರದಿರುವುದು ತಾಮ್ರದ ಲೆಕ್ಕ. ಅದೇ ಆಕಾರದ ಪಾತ್ರೆಯ ಗಾತ್ರ 20 ಪಟ್ಟಾದರೆ ಒಳಮೈ ಸುಮಾರು 7 ಪಟ್ಟು ಮಾತ್ರ ಆಗುತ್ತದೆ. ಗಂಧಕದ ವಾಸನೆ ಹೀರುವುದು ತಾಮ್ರದ ಮೈ. 25 ಲೀಟರಿನಲ್ಲಿ ಶುದ್ಧವಾಗಿ ಬಂದದ್ದು 500 ಲೀಟರಿನಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ ವಾಸನೆ ಹೊಡೆಯುವುದು ಇದರಿಂದಲೇ. ಪರಿಹಾರ: ನಿಧಾನಕ್ಕೆ ಇಳಿಸಿ, ಆವಿಯ ದಾರಿಯಲ್ಲಿ ತಾಮ್ರದ ಜಾಲರಿ ಇಡಿ, ಪ್ರತಿ ಬಾರಿ ಬಿಸಿ ಸಿಟ್ರಿಕ್ ಆಮ್ಲದಲ್ಲಿ (2%) ತೊಳೆಯಿರಿ. ಹಸಿರು-ನೀಲಿ ಬಣ್ಣದಲ್ಲಿ ಏನಾದರೂ ಇಳಿದರೆ ಅದು ತಾಮ್ರದ ಲವಣ. ಅದನ್ನು ಬೇರೆ ಇಡಿ.

ಲಾವಂಚ:
ಅಂದರೆ ಜಿನ್ ರೆಸಿಪಿಯನ್ನು 20 ಲೀಟರಿಂದ 300ಕ್ಕೆ ನೇರ ಗುಣಿಸಲು ಆಗುವುದಿಲ್ಲವಾ?

ಧನಿಯ:
ಆಗುವುದಿಲ್ಲ. ಜಿನ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಇಲ್ಲೇ ಹೆಚ್ಚು ಜನ ಎಡವುವುದು.

ಭಾರತದ ಹೊಸ ಜಿನ್‌ಗಳಲ್ಲಿ ಬಹುಪಾಲು ಆಲ್ಕೋಹಾಲನ್ನು ತಾವೇ ಹುದುಗಿಸಿ ಮಾಡುವುದಿಲ್ಲ. ಧಾನ್ಯದ ಇಎನ್ಎ, ಅಂದರೆ 96% ಶುದ್ಧ ಆಲ್ಕೋಹಾಲ್ ಕೊಂಡು ತಂದು ಮಸಾಲೆ ಜತೆ ಮತ್ತೆ ಇಳಿಸುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಲಂಡನ್ ಡ್ರೈ ಜಿನ್ ಅನ್ನುವುದೇ ಈ ಕ್ರಮ.

300 ಲೀಟರಿನ ಸ್ಟಿಲ್ಲಿಗೆ 200 ಲೀಟರ್ ಹಾಕಿ, ಪೂರ್ತಿ ತುಂಬಬೇಡಿ. ಇಎನ್ಎಗೆ ನೀರು ಬೆರೆಸಿ 50%ಗೆ ತನ್ನಿ. ಶುರುವಿಗೆ ಈ ಅಳತೆ ಇಟ್ಟುಕೊಳ್ಳಬಹುದು, ಎಲ್ಲ ಲೀಟರಿಗೆ ಗ್ರಾಂ ಲೆಕ್ಕ: ಜೂನಿಪರ್ (ಜಿನ್ನಿಗೆ ಮುಖ್ಯ ಪರಿಮಳ ಕೊಡುವ ಒಣ ಕಾಯಿ) 20, ಕೊತ್ತಂಬರಿ ಬೀಜ 8ರಿಂದ 10, ಏಂಜೆಲಿಕಾ ಬೇರು 1ರಿಂದ 2, ಒಣ ಕಿತ್ತಳೆ ಸಿಪ್ಪೆ 1, ಓರಿಸ್ ಬೇರು 0.3, ಏಲಕ್ಕಿ 0.3. ಅಂದರೆ ಒಂದು ಬ್ಯಾಚಿಗೆ ಜೂನಿಪರ್ 4 ಕೆ.ಜಿ. ಆದರೆ ಏಲಕ್ಕಿ 60 ಗ್ರಾಂ ಮಾತ್ರ. ಏಲಕ್ಕಿ, ಲವಂಗ, ದಾಲ್ಚಿನ್ನಿ ಈ ಮೂರು ನಮ್ಮವರ ಕೈಯಲ್ಲಿ ಯಾವಾಗಲೂ ಜಾಸ್ತಿಯೇ ಬೀಳುತ್ತವೆ. ಬಾಟಲಿ ತೆರೆದರೆ ಗರಂ ಮಸಾಲೆ ಡಬ್ಬಿ ತೆರೆದ ಹಾಗಾಗುತ್ತದೆ. ಸಿಪ್ಪೆಯ ಒಳಗಿನ ಬಿಳಿ ಭಾಗ ಪೂರ್ತಿ ತೆಗೆಯಿರಿ. ಹೇರಳೆಕಾಯಿ ಸಿಪ್ಪೆ ಬಳಸಿದರೆ ಹಸಿಯಾಗಿಯೇ ಬಳಸಿ, ಒಣಗಿಸಿದರೆ ಅದರ ಮೇಲುಪರಿಮಳ ಹೋಗುತ್ತದೆ.

ಜೂನಿಪರ್, ಕೊತ್ತಂಬರಿ, ಬೇರುಗಳನ್ನು 12 ಗಂಟೆ ನೆನೆಸಿ. ಸಿಪ್ಪೆಯನ್ನು ಇಳಿಸುವ ಮುಂಚೆ ಹಾಕಿ. ಈಗ ಗುಣಿಸುವ ಪ್ರಶ್ನೆಗೆ ಬರುತ್ತೇನೆ: 20 ಲೀಟರಿನ ಪಾತ್ರೆ ಅರ್ಧ ಗಂಟೆಯಲ್ಲಿ ಕಾಯುತ್ತದೆ, 300ರದ್ದು ಒಂದೂವರೆ-ಎರಡು ಗಂಟೆ ತೆಗೆದುಕೊಳ್ಳುತ್ತದೆ. ಆ ಬಿಸಿಯಲ್ಲಿ ಮಸಾಲೆ ಮತ್ತಷ್ಟು ಬಿಟ್ಟುಕೊಳ್ಳುತ್ತದೆ, ಬೇರಿನ ಕಹಿ ಜಾಸ್ತಿ ಆಗುತ್ತದೆ. ಅದಕ್ಕೆ ಮೊದಲ ದೊಡ್ಡ ಬ್ಯಾಚಿನಲ್ಲಿ ಎಲ್ಲವನ್ನೂ ಸುಮಾರು 15-20% ಕಡಿಮೆ ಹಾಕಿ ನೋಡುವುದು ಕ್ಷೇಮ.

ಮೊದಲ ಒಂದೆರಡು ಲೀಟರ್ ಬೇರೆ ಹಿಡಿಯಿರಿ. ಇಎನ್ಎಯಲ್ಲಿ ಹೆಡ್ಸ್ ಅಂತ ಹೆಚ್ಚೇನೂ ಇರುವುದಿಲ್ಲ, ಆದರೆ ಹಿಂದಿನ ಬ್ಯಾಚಿನ ಎಣ್ಣೆ ಕಂಡೆನ್ಸರಿನಲ್ಲಿ ಅಂಟಿರುವುದು ಇದರಲ್ಲಿ ಬರುತ್ತದೆ. ಮೊದಲು ಸಿಟ್ರಸ್, ಆಮೇಲೆ ಜೂನಿಪರ್, ಕೊನೆಗೆ ಬೇರು-ಮಣ್ಣಿನ ವಾಸನೆ. ಪ್ಯಾರಟ್ಟಿನಲ್ಲಿ (ಇಳಿಯುವ ಬಾಯಿಯಲ್ಲಿ ಆಲ್ಕೋಹಾಲ್ ಅಳೆಯುವ ಹೈಡ್ರೋಮೀಟರ್ ತೇಲಿಸುವ ಕೊಳವೆ) ಓದು 60%ಗಿಂತ ಕೆಳಗಿಳಿದ ಮೇಲೆ ಪ್ರತಿ ಲೀಟರನ್ನೂ ಮೂಸಿ. 55ರ ಆಸುಪಾಸಿನಲ್ಲಿ ನಿಲ್ಲಿಸುವವರೇ ಹೆಚ್ಚು. ಹಾಕಿದ 100 ಲೀಟರ್ ಶುದ್ಧ ಆಲ್ಕೋಹಾಲಿನಲ್ಲಿ ಹಾರ್ಟ್ಸ್ ಆಗಿ 84 ಲೀಟರಿನಷ್ಟು ಬಂದರೆ, ನೀರು ಬೆರೆಸಿ ಬಾಟಲಿ ಪ್ರಮಾಣ 42.8%ಗೆ ಇಳಿಸಿದಾಗ ಸುಮಾರು 196 ಲೀಟರ್, ಅಂದರೆ 750 ಮಿ.ಲೀ.ಯ 260 ಬಾಟಲಿ.

ಇನ್ನು ಮೋಡ ಕಟ್ಟುವ ತೊಂದರೆ. ಇಳಿಸಿದಾಗ ಸ್ಫಟಿಕದ ಹಾಗಿದ್ದದ್ದು ನೀರು ಬೆರೆಸಿದ ಕೂಡಲೇ ಹಾಲುಬಿಳಿ ಆಗುತ್ತದೆ, ಇಲ್ಲವೇ ಗಿರಾಕಿಯ ಫ್ರಿಜ್ಜಿನಲ್ಲಿ ಆಗುತ್ತದೆ. ಎಣ್ಣೆ ಜಾಸ್ತಿ, ಅದನ್ನು ಹಿಡಿದಿಡಲು ಆಲ್ಕೋಹಾಲ್ ಸಾಲದು ಅಂತ ಅರ್ಥ. ಪರೀಕ್ಷೆ ಸುಲಭ: 50 ಮಿ.ಲೀ. ತೆಗೆದು ಬಾಟಲಿ ಪ್ರಮಾಣಕ್ಕೆ ಇಳಿಸಿ, ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಬೆಳಕಿನ ಕೋಲು ಕಂಡರೆ ಜೂನಿಪರ್ ಕಡಿಮೆ ಮಾಡಿ, ಇಲ್ಲವೇ ಕಟ್ಟನ್ನು ಬೇಗ ಮಾಡಿ. ಫಿಲ್ಟರ್ ಹಾಕಿ ಸರಿಪಡಿಸುತ್ತೇನೆ ಅಂದರೆ ಪರಿಮಳವೂ ಫಿಲ್ಟರಿನಲ್ಲೇ ಉಳಿಯುತ್ತದೆ.

ಜೂನಿಪರಿನ ಎಣ್ಣೆಯ ಅಂಶ ಫಸಲಿಂದ ಫಸಲಿಗೆ ಬದಲಾಗುತ್ತದೆ. ಹೊಸ ಚೀಲ ಒಡೆದ ದಿನ ಹಳೆಯ ಚೀಲದ ಜತೆ ಅರ್ಧಕ್ಕರ್ಧ ಬೆರೆಸುವ ರೂಢಿ ಇಟ್ಟುಕೊಳ್ಳಿ. ಮೊದಲ ಬ್ಯಾಚ್ ಚೆನ್ನಾಗಿ ಬರುವುದು ಅಂಥ ದೊಡ್ಡ ವಿಷಯವಲ್ಲ. ನಲವತ್ತನೆಯದು ಅದರ ಹಾಗೇ ಇರಬೇಕಲ್ಲ, ಅಲ್ಲಿ ಹವ್ಯಾಸಿ ಯಾರು, ಮಾಲೀಕ ಯಾರು ಅಂತ ಗೊತ್ತಾಗುತ್ತದೆ.

ಧಾರವಾಡದಾಂವ:
ಇಎನ್ಎ ಕೊಂಡು ಮಸಾಲಿ ಹಾಕೂದು ಛೊಲೊನ ಐತ್ರಿ, ಆದ್ರ ನಮ್ಮ ಕಡೆ ಬೆಲ್ಲ ಇಷ್ಟ್ ಬೆಳೀತದ. ಬೆಲ್ಲದ್ದು ಯಾಕ ಮಾಡಬಾರದು? ಲೆಕ್ಕ ಗೊತ್ತಿದ್ದವ್ರು ಹೇಳ್ರಿ.

ಬ್ರಿಕ್ಸ್:
ಮಾಡಬಹುದು ಸರ್. ಮೈಸೂರು ಕಡೆಯಿಂದ 'ಹುಲಿ' ಅನ್ನುವ ಬೆಲ್ಲದ ರಮ್ ಈಗಾಗಲೇ ಬಂದಿದೆ. ಲೆಕ್ಕ ಹೀಗೆ.

100 ಕೆ.ಜಿ. ಒಳ್ಳೆ ಬೆಲ್ಲದಲ್ಲಿ ಹುದುಗುವ ಸಕ್ಕರೆ 80 ಕೆ.ಜಿ. ಅಂತ ಹಿಡಿಯಿರಿ. ಪುಸ್ತಕದ ಪ್ರಕಾರ ಒಂದು ಕೆ.ಜಿ. ಸುಕ್ರೋಸಿಂದ 0.68 ಲೀಟರ್ ಶುದ್ಧ ಆಲ್ಕೋಹಾಲ್ ಬರಬೇಕು. ಆದರೆ ಯೀಸ್ಟ್ ತಾನೂ ಬೆಳೆಯಬೇಕಲ್ಲ, 88% ಸಿಕ್ಕರೆ ಚೆನ್ನಾಗಿ ನಡೆದಿದೆ ಅಂತ. ಅಂದರೆ 48 ಲೀಟರ್. ಎರಡು ಸಲ ಇಳಿಸುವಾಗ ಇನ್ನೊಂದು ಹತ್ತು ಪರ್ಸೆಂಟ್ ಹೋದರೆ 43 ಲೀಟರ್. 42.8%ಗೆ ಇಳಿಸಿದರೆ 100 ಲೀಟರ್ ಮದ್ಯ, 133 ಬಾಟಲಿ. ಕೆ.ಜಿ. ಬೆಲ್ಲಕ್ಕೆ ಒಂದು ಲೀಟರ್ ಅಂತ ನೆನಪಿಟ್ಟುಕೊಳ್ಳಿ, ಸುಲಭ.

ಆ 100 ಕೆ.ಜಿ.ಯನ್ನು ಬಿಸಿನೀರಿನಲ್ಲಿ ಕರಗಿಸಿ ಒಟ್ಟು 500 ಲೀಟರ್ ಮಾಡಿದರೆ 17-18 ಬ್ರಿಕ್ಸ್ (ಕರಗಿದ ಸಕ್ಕರೆಯ ಶೇಕಡಾ ಅಳತೆ) ಬರುತ್ತದೆ, ಹುದುಗಿದ ಮೇಲೆ 9.5% ಆಸುಪಾಸು. ಟ್ಯಾಂಕು 650 ಲೀಟರಿನದ್ದಾದರೂ ಇರಲಿ, ನೊರೆ ಉಕ್ಕುತ್ತದೆ. ಪಿಎಚ್ 4.8ರಿಂದ 5ಕ್ಕೆ ತನ್ನಿ. ಬೆಲ್ಲದಲ್ಲಿ ಸಾರಜನಕ ಕಡಿಮೆ, ಹಾಗಾಗಿ ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಡಿಎಪಿ ಬೇಕು. ಗೊಬ್ಬರದ ಅಂಗಡಿಯದ್ದಲ್ಲ, ಆಹಾರ ದರ್ಜೆಯದ್ದು. ಒಣ ಯೀಸ್ಟ್ ಲೀಟರಿಗೆ ಅರ್ಧ ಗ್ರಾಂ, 35-38 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಹಾಕಬೇಕು.

ಇನ್ನು ಕೆಡುವುದು ಎಲ್ಲಿ? ಮೂರು ಜಾಗ.

ಒಂದು, ಬೆಲ್ಲವೇ. ಹೊಳೆಯುವ ಹಳದಿ ಬೆಲ್ಲ ಕಣ್ಣಿಗೆ ಚಂದ, ಆದರೆ ಆ ಬಣ್ಣ ಹೈಡ್ರೋಸ್ ಅನ್ನುವ ಗಂಧಕದ ರಾಸಾಯನಿಕ ಹಾಕಿದ್ದರಿಂದ ಬಂದಿರುತ್ತದೆ. ಅದರ ಗಂಧಕ ಯೀಸ್ಟನ್ನು ತಡೆಯುತ್ತದೆ, ಉಳಿದದ್ದನ್ನು ಯೀಸ್ಟ್ ಕೊಳೆತ ಮೊಟ್ಟೆ ವಾಸನೆಯಾಗಿ ಬದಲಾಯಿಸುತ್ತದೆ. ಆ ವಾಷ್ (ಹುದುಗಿದ ಬೆಲ್ಲದ ನೀರು) ಇಳಿಸಿದ ಮೇಲೆ ತಾಮ್ರದ ಒಳಗೆ ಕೈ ಹಾಕಿ ನೋಡಿ, ಕಾಡಿಗೆ ಬಳಿದ ಹಾಗೆ ಕಪ್ಪು. ಆಲೆಮನೆಯವರ ಜತೆ ಮೊದಲೇ ಮಾತಾಡಿ ಹೈಡ್ರೋಸ್ ಇಲ್ಲದ ಕಪ್ಪು ಬೆಲ್ಲ ಬರೆಸಿಕೊಳ್ಳಿ. ಸುಣ್ಣ ಜಾಸ್ತಿ ಬಿದ್ದ ಬೆಲ್ಲವೂ ತೊಂದರೆಯೇ, ಪಾತ್ರೆಯಲ್ಲಿ ಗಟ್ಟಿ ಪದರ ಕಟ್ಟುತ್ತದೆ.

ಎರಡು, ಬಿಸಿ. ಹುದುಗುವಾಗ ಸಕ್ಕರೆ ಬಿಡುವ ಶಾಖ ಎಲ್ಲೂ ಹೋಗದೆ ಉಳಿದರೆ ಈ 500 ಲೀಟರ್ 20 ಡಿಗ್ರಿ ಏರಬೇಕು. ಅಷ್ಟು ಏರುವುದಿಲ್ಲ ನಿಜ, ಆದರೆ ಏಪ್ರಿಲಿನಲ್ಲಿ ಶೆಡ್ಡಿನ ಒಳಗೆ 38 ದಾಟುವುದಕ್ಕೆ ಏನೂ ಕಷ್ಟವಿಲ್ಲ. 34 ದಾಟಿದರೆ ಫ್ಯೂಸೆಲ್ ಎಣ್ಣೆ (ಘಾಟು ವಾಸನೆಯ ಬೇರೆ ಆಲ್ಕೋಹಾಲ್‌ಗಳು) ಹೆಚ್ಚು, ಮುಂದೆ ಯೀಸ್ಟ್ ನಿಂತೇ ಹೋಗುತ್ತದೆ. ಟ್ಯಾಂಕಿನೊಳಗೆ ಸ್ಟೀಲ್ ಕಾಯಿಲ್ ಇಲ್ಲವೇ ಹೊರ ಜಾಕೆಟ್ ಇರಲೇಬೇಕು.

ಮೂರು, ಹುಳಿ. 4ನೇ ದಿನವೂ ಬ್ರಿಕ್ಸ್ ಇಳಿಯದೆ ಪಿಎಚ್ ಮಾತ್ರ 3.5ಕ್ಕಿಂತ ಇಳಿದಿದ್ದರೆ ಬ್ಯಾಕ್ಟೀರಿಯಾ ಸೇರಿದೆ ಅಂತಲೇ. ಪೈಪಿನ ಬಾಗು, ವಾಲ್ವಿನ ಸಂದು ನೋಡಿ.

ಒಂದು ಮಾತು ಸೇರಿಸಬೇಕು. ಮೊದಲ ಬಾರಿ ಇಳಿಸಿದ ಮೇಲೆ ಪಾತ್ರೆಯಲ್ಲಿ 340 ಲೀಟರ್ ಕಪ್ಪು ನೀರು ಉಳಿಯುತ್ತದೆ. ಇದನ್ನು ಚರಂಡಿಗೆ ಬಿಡುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಡಿಸ್ಟಿಲರಿಯನ್ನು ಕೆಂಪು ವರ್ಗದಲ್ಲಿ ಇಟ್ಟಿದೆ. ಹೊರಗೆ ಒಂದು ಹನಿಯೂ ಹೋಗದಂತೆ ವ್ಯವಸ್ಥೆ ತೋರಿಸಬೇಕು. ಸಣ್ಣವರು ಮೊದಲು ಇಎನ್ಎ ಜಿನ್ನಿನಿಂದ ಶುರು ಮಾಡುವುದಕ್ಕೆ ಅರ್ಧ ಕಾರಣ ಈ ಕಪ್ಪು ನೀರು.

ಹಳೆ ಬಾಯ್ಲರ್:
ಬ್ರಿಕ್ಸ್ ಅವರ 500 ಲೀಟರಿಗೆ ಶಾಖ, ನೀರಿನ ಲೆಕ್ಕ ನಾನು ಹಾಕುತ್ತೇನೆ. ಸ್ಟಿಲ್ ಕೊಳ್ಳುವಾಗ ಎಲ್ಲರೂ ತಾಮ್ರದ ಹೊಳಪು ನೋಡುತ್ತಾರೆ, ಇದನ್ನು ಕೇಳುವುದಿಲ್ಲ.

30 ಡಿಗ್ರಿಯಿಂದ ಕುದಿಗೆ ತರಲು ಸುಮಾರು 35 ಯೂನಿಟ್ ಶಾಖ ಬೇಕು. ಅಲ್ಲಿಂದ 160 ಲೀಟರ್ ಆವಿ ತೆಗೆಯಲು ಇನ್ನೂ 85 ಯೂನಿಟ್. 24 ಕಿಲೋವ್ಯಾಟ್ ಹೀಟರ್ ಇದ್ದರೆ ಐದು ಗಂಟೆ, ನಷ್ಟ ಸೇರಿಸಿದರೆ ಆರು. 9 ಕಿಲೋವ್ಯಾಟಿನದ್ದು ಹಾಕಿ ದುಡ್ಡು ಉಳಿಸಿದರೆ ರಾತ್ರಿ ಪಾಳಿಯೂ ಬೇಕಾಗುತ್ತದೆ. ಹೀಟರ್ ಕೋಲು ನೇರ ಬೆಲ್ಲದ ವಾಷಿನಲ್ಲಿ ಇದ್ದರೆ ಸೀದು ಹೋಗುತ್ತದೆ, ಆ ಸೀದ ವಾಸನೆ ಎಷ್ಟು ಇಳಿಸಿದರೂ ಹೋಗುವುದಿಲ್ಲ. ಸ್ಟೀಮ್ ಜಾಕೆಟ್ ಇಲ್ಲವೇ ವಾಟರ್ ಬಾತ್ ತೆಗೆದುಕೊಳ್ಳಿ. ಸ್ಟೀಮಿಗೆ ಹೋದರೆ, 25 ಲೀಟರಿಗಿಂತ ಹೆಚ್ಚು ಹಿಡಿಯುವ ಬಾಯ್ಲರಿಗೆ ಬಾಯ್ಲರ್ ಇಲಾಖೆಯ ನೋಂದಣಿ ಬರುತ್ತದೆ. ಅದಕ್ಕಿಂತ ಸಣ್ಣವನ್ನು ನಾನ್-ಐಬಿಆರ್, ಅಂದರೆ ಬಾಯ್ಲರ್ ನಿಯಮಕ್ಕೆ ಒಳಪಡದವು ಅಂತ ಮಾರುತ್ತಾರೆ.

ಅಷ್ಟೇ ಶಾಖವನ್ನು ಕಂಡೆನ್ಸರ್ ವಾಪಸ್ ತೆಗೆಯಬೇಕಲ್ಲ. ನೀರು 30 ಡಿಗ್ರಿ ಬಿಸಿಯಾಗಿ ಹೊರಗೆ ಹೋಗುತ್ತದೆ ಅಂದುಕೊಂಡರೂ ಒಂದು ಸಲಕ್ಕೆ 2,400 ಲೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಟ್ಯಾಂಕರ್. ಕೂಲಿಂಗ್ ಟವರ್ ಅಥವಾ ಚಿಲ್ಲರ್ ಹಾಕಿ ಅದೇ ನೀರನ್ನು ತಿರುಗಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಬಿಸಿಯಾದ ನೀರನ್ನು ಮುಂದಿನ ಬೆಲ್ಲ ಕರಗಿಸಲು ಬಳಸಿ.

ಸುರಕ್ಷತೆ ವಿಷಯದಲ್ಲಿ ಚೌಕಾಸಿ ಬೇಡ. ಗಾಳಿಯಲ್ಲಿ ಎಥನಾಲ್ ಆವಿ 3.3% ಮುಟ್ಟಿದರೆ ಕಿಡಿ ಸಾಕು. ಸ್ಟಿಲ್ ಕೋಣೆಯ ಮೋಟರ್, ದೀಪ, ಸ್ವಿಚ್ ಎಲ್ಲ ಫ್ಲೇಮ್‌ಪ್ರೂಫ್ ಇರಬೇಕು. ಟ್ಯಾಂಕಿಂದ ಟ್ಯಾಂಕಿಗೆ ಪಂಪ್ ಮಾಡುವಾಗ ಎರಡಕ್ಕೂ ಅರ್ಥಿಂಗ್ ಕೊಡಿ. ಇಳಿಯುವ ಬಾಯಿ ಯಾವಾಗಲೂ ಹೊರಗಾಳಿಗೆ ತೆರೆದಿರಬೇಕು. ಮಸಾಲೆ ಬುಟ್ಟಿ ಕಟ್ಟಿಕೊಂಡು ಆವಿಗೆ ದಾರಿ ಇಲ್ಲದಾದರೆ ಸ್ಟಿಲ್ ಬಾಂಬ್ ಆಗುತ್ತದೆ, ಅದಕ್ಕೆ ಸೇಫ್ಟಿ ವಾಲ್ವ್ ಬೇಕು. ಬೆಸುಗೆಯಲ್ಲಿ ಸೀಸ ಇರಬಾರದು, ಲೋಕಲ್ ಕಂಚುಗಾರರ ಹತ್ತಿರ ಮಾಡಿಸುವಾಗ ಇದನ್ನು ಬರೆಸಿಕೊಳ್ಳಿ. ತೋಟದ ಪ್ಲಾಸ್ಟಿಕ್ ಪೈಪು 70% ಆಲ್ಕೋಹಾಲಿಗೆ ತನ್ನ ರಾಸಾಯನಿಕ ಬಿಟ್ಟುಕೊಳ್ಳುತ್ತದೆ. ಸ್ಟೀಲ್, ಪಿಟಿಎಫ್ಇ (ಟೆಫ್ಲಾನ್) ಮಾತ್ರ. ಹುದುಗಿಸುವ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ಕೂರುತ್ತದೆ, ಎಕ್ಸಾಸ್ಟ್ ಫ್ಯಾನ್ ಕೆಳಗೆ ಇರಲಿ.

ಮಿಂಚುಹುಳ:
ಮೊದಲು ಬರುವ ಹೆಡ್ಸ್ ಎಸೆದರೆ ಮೆಥನಾಲ್ ಹೋಯಿತು, ಆಮೇಲಿನದ್ದು ಸೇಫ್ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ?

ಬ್ರಿಕ್ಸ್:
ಅದು ಸರಿಯಲ್ಲ. ಮೆಥನಾಲ್ ಬರುವುದು ಹಣ್ಣಿನ ಪೆಕ್ಟಿನ್‌ನಿಂದ. ಬೆಲ್ಲ, ಸಕ್ಕರೆಯಲ್ಲಿ ನಗಣ್ಯ. ಗೇರುಹಣ್ಣು, ಮಾವು, ಸೀಬೆಯಲ್ಲಿ ಬರುತ್ತದೆ. ಬಂದದ್ದು ಸಾದಾ ಪಾಟ್ ಸ್ಟಿಲ್ಲಿನಲ್ಲಿ ಶುರುವಿಗೆ ಗುಂಪಾಗಿ ಬಂದು ಮುಗಿಯುವುದಿಲ್ಲ, ನೀರಿನ ಜತೆ ಬೆರೆತು ಕೊನೆಯವರೆಗೂ ಇರುತ್ತದೆ. ಹೆಡ್ಸ್ ತೆಗೆಯುವುದು ಈಥೈಲ್ ಅಸಿಟೇಟ್, ಆಲ್ಡಿಹೈಡ್‌ಗಳಿಗಾಗಿ. ಮೆಥನಾಲಿಗೆ ಲ್ಯಾಬ್ ವರದಿಯೇ ಗತಿ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಕಟ್ ತಪ್ಪಿದ್ದರಿಂದಲ್ಲ, ಮದ್ಯದಲ್ಲಿ ಮೆಥನಾಲ್ ಬೆರೆತದ್ದರಿಂದ.

ಕುಡ್ಲದವ:
ಗೇರುಹಣ್ಣು ಅಂದಿರಲ್ಲ ಮಾರಾಯ್ರೆ, ನಮ್ಮ ಕರಾವಳಿಯಲ್ಲಿ ಬೀಜ ತೆಗೆದು ಹಣ್ಣು ಗುಡ್ಡೆಯಲ್ಲೇ ಬಿಡುವುದು. ಗೋವಾದವರು ಅದರಲ್ಲಿ ಫೆನಿ ಮಾಡಿ 2009ರಲ್ಲಿ ಜಿಐ (ಊರಿನ ಹೆಸರಿನ ಹಕ್ಕು ಕೊಡುವ ಭೌಗೋಳಿಕ ಸೂಚಕ) ಕೂಡ ತೆಗೆದುಕೊಂಡರು. ಹಾಗಾಗಿ ಇಲ್ಲಿ ಮಾಡಿದರೂ ಫೆನಿ ಅಂತ ಹೆಸರು ಹಾಕಲಿಕ್ಕಿಲ್ಲ. ಅಲ್ಲಿ ರಸ ಹಿಂಡಿ ಎರಡು-ಮೂರು ದಿನ ಹುದುಗಿಸಿ, ಮೊದಲ ಸಲ ಇಳಿಸಿದರೆ 15% ಆಸುಪಾಸಿನ ಉರ್ರಾಕ್. ಅದಕ್ಕೆ ಹೊಸ ರಸ ಸೇರಿಸಿ ಮತ್ತೆ ಇಳಿಸಿದರೆ 42ರ ಮೇಲಿನ ಫೆನಿ. ಆದರೆ ಹಣ್ಣು ಬಿದ್ದ ದಿನವೇ ಹಿಂಡಬೇಕು, ಮರುದಿನಕ್ಕೆ ಹುಳಿ. ಮಾರ್ಚಿಯಿಂದ ಮೇ ತನಕ ಸೀಸನ್, ಮಳೆ ಬಂದರೆ ಮುಗಿಯಿತು. ಒಂಬತ್ತು ತಿಂಗಳು ಸ್ಟಿಲ್ ಖಾಲಿ ಕೂತರೆ ಬ್ಯಾಂಕಿನ ಬಡ್ಡಿ ಕೂತುಕೊಳ್ಳುತ್ತದೆಯಾ? ಉಳಿದ ತಿಂಗಳಿಗೆ ಜಿನ್ನೋ ಬೆಲ್ಲವೋ ಬೇಕೇ ಬೇಕು.

ಆಕ್ಲೆಂಡ್ ಕನ್ನಡಿಗ:
ಕಚ್ಚಾವಸ್ತುವಿನ ವಿಷಯ ಬಂದದ್ದಕ್ಕೆ: ಡೆಸ್ಮಂಡ್ ನಜರೇತ್ ಅವರು ನಮ್ಮ ದಖನ್ನಿನ ಕತ್ತಾಳೆಯಿಂದಲೇ ಮದ್ಯ ಇಳಿಸಿ 2011ರಲ್ಲಿ ಮಾರುಕಟ್ಟೆಗೆ ತಂದರು. ಅವರ ಡಿಸ್ಟಿಲರಿ ಇರುವುದು ಚಿತ್ತೂರು ಜಿಲ್ಲೆಯಲ್ಲಿ, ಕೋಲಾರದ ಮಗ್ಗುಲಲ್ಲಿ. ಕತ್ತಾಳೆ ಅಂದರೆ ಬೇಲಿಯ ಗಿಡ ಅಂತ ನಾವು ಬಿಟ್ಟದ್ದು.

ಖಾತೆಪುಸ್ತಕ:
ಪಾತ್ರೆ, ಪರಿಮಳ ಎಲ್ಲ ಆಯಿತು. ಡಿಸ್ಟಿಲರಿಗಳು ಮುಚ್ಚುವುದು ರುಚಿಯಿಂದ ಕಡಿಮೆ, ಕಾಗದ ಮತ್ತು ಕೈಸಾಲದಿಂದ ಹೆಚ್ಚು.

ಮೊದಲು ಕೇಳಬೇಕಾದ್ದು "ಶುಲ್ಕ ಎಷ್ಟು" ಅಂತ ಅಲ್ಲ. "ಈ ಅಬಕಾರಿ ವರ್ಷದಲ್ಲಿ ಈ ಬಗೆಯ ಹೊಸ ಪರವಾನಗಿ ಕೊಡುತ್ತಿದ್ದೀರಾ" ಅಂತ. ಕರ್ನಾಟಕದಲ್ಲಿ ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ಗ್ರೇಟರ್ ದ್ಯಾನ್ ಜಿನ್ 2017ರಲ್ಲಿ, ಸ್ಟ್ರೇಂಜರ್ ಅಂಡ್ ಸನ್ಸ್ ಜಿನ್ 2018ರಲ್ಲಿ ಗೋವಾದಿಂದ ಹೊರಟದ್ದು ಸುಮ್ಮನೆ ಅಲ್ಲ. ಸಣ್ಣ ಘಟಕಕ್ಕೆ ಎಲ್ಲಿ ದಾರಿ ಇದೆಯೋ ಅಲ್ಲಿಂದಲೇ ಶುರು. ಜಾಗ ಕೊಳ್ಳುವ ಮುಂಚೆ ಭೂ ಪರಿವರ್ತನೆ, ಪಂಚಾಯಿತಿ, ಅಗ್ನಿಶಾಮಕ, ಮಾಲಿನ್ಯ ಮಂಡಳಿ ನಾಲ್ಕೂ ಕಡೆ ಆ ಸರ್ವೆ ನಂಬರಿಗೆ ಡಿಸ್ಟಿಲರಿ ಆಗುತ್ತದಾ ಅಂತ ಲಿಖಿತವಾಗಿ ಕೇಳಿ.

ಇನ್ನೊಂದು ದಾರಿ ಇದೆ, ಅದನ್ನೇ ನಾನು ಶಿಫಾರಸು ಮಾಡುವುದು: ಪರವಾನಗಿ ಇರುವ ಘಟಕದಲ್ಲಿ ಒಪ್ಪಂದದ ಮೇಲೆ ನಿಮ್ಮ ರೆಸಿಪಿ ಮಾಡಿಸಿ ಎರಡು ವರ್ಷ ಮಾರುವುದು. ಗಿರಾಕಿ ಎರಡನೇ ಬಾಟಲಿ ಕೊಳ್ಳುತ್ತಾನಾ ಅಂತ ತಾಮ್ರಕ್ಕೆ ದುಡ್ಡು ಹಾಕುವ ಮುಂಚೆ ಗೊತ್ತಾಗುತ್ತದೆ.

ಜಿಎಸ್‌ಟಿ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಕೇಳಲು ಚೆನ್ನಾಗಿದೆ, ಆದರೆ ಸ್ಟಿಲ್, ಗಾಜು, ಮುಚ್ಚಳ, ಲೇಬಲ್ಲಿಗೆ ಕೊಟ್ಟ ಜಿಎಸ್‌ಟಿಯನ್ನು ವಜಾ ಮಾಡಿಕೊಳ್ಳಲು ಆಗುವುದಿಲ್ಲ. 40 ಲಕ್ಷದ ಯಂತ್ರಕ್ಕೆ 18% ಅಂದರೆ 7.2 ಲಕ್ಷ ನೇರ ಖರ್ಚು. ಬೇರೆ ಉದ್ಯಮದ ಲೆಕ್ಕಿಗರು ಮಾಡಿಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಸಾಲು ತಪ್ಪಿಹೋಗಿರುತ್ತದೆ, ನೋಡಿಕೊಳ್ಳಿ.

ಮಾರಾಟ. ಕರ್ನಾಟಕದಲ್ಲಿ ಸಗಟು ಕೊಳ್ಳುವುದು ಸರ್ಕಾರದ ಪಾನೀಯ ನಿಗಮ ಕೆಎಸ್‌ಬಿಸಿಎಲ್ ಒಂದೇ, 2003ರಿಂದ. ಬಾರ್ ಮಾಲೀಕ ನಿಮ್ಮ ಗೆಳೆಯನೇ ಆದರೂ ನೇರ ಕೊಡುವಂತಿಲ್ಲ. ಹೆಚ್ಚುವರಿ ಅಬಕಾರಿ ಸುಂಕ ಘೋಷಿತ ಬೆಲೆಯ ಸ್ಲ್ಯಾಬ್ ಪ್ರಕಾರ ಬರುತ್ತದೆ. ನಿಮ್ಮ ಬೆಲೆ ಸ್ಲ್ಯಾಬಿನ ಗೆರೆಯ ಮೇಲೆ ಸ್ವಲ್ಪ ದಾಟಿದರೂ ಅಂಗಡಿಯ ಎಂಆರ್‌ಪಿ ದೊಡ್ಡ ಹೆಜ್ಜೆ ಹಾಕುತ್ತದೆ. ಆದ್ದರಿಂದ ಬೆಲೆಯನ್ನು ಖರ್ಚಿನಿಂದ ಮೇಲಕ್ಕೆ ಕಟ್ಟಬೇಡಿ. ಎಂಆರ್‌ಪಿಯಿಂದ ಕೆಳಕ್ಕೆ ಬನ್ನಿ, ಬಾಟಲಿಗೆ ಎಷ್ಟು ಉಳಿಯುತ್ತದೆ ನೋಡಿ, ಆಮೇಲೆ ಯಾವ ಗಾಜು ಕೊಳ್ಳಬಹುದು ಅಂತ ಗೊತ್ತಾಗುತ್ತದೆ. ಪಕ್ಕದ ರಾಜ್ಯಕ್ಕೆ ಹೋದರೆ ಅಲ್ಲಿನ ಲೇಬಲ್ ನೋಂದಣಿ, ಆಮದು ಶುಲ್ಕ ಬೇರೆ. ಮೂರು ರಾಜ್ಯದಲ್ಲಿ ಒಟ್ಟಿಗೆ ಶುರು ಮಾಡುತ್ತೇನೆ ಅನ್ನುವುದು ದುಡ್ಡು ಹೆಚ್ಚಾದವರ ಆಟ.

ಕೊನೆಗೆ ಪುಸ್ತಕ. ಪ್ರತಿ ಬ್ಯಾಚಿಗೂ ಶುದ್ಧ ಆಲ್ಕೋಹಾಲ್ ಲೀಟರಿನಲ್ಲಿ ಲೆಕ್ಕ ಬರೆಯಬೇಕು: ಒಳಗೆ ಬಂದದ್ದು, ಸ್ಟಿಲ್ಲಿಗೆ ಹೋದದ್ದು, ಹಾರ್ಟ್ಸ್, ಹೆಡ್ಸ್-ಟೇಲ್ಸ್, ನಷ್ಟ. ಒಪ್ಪಿತ ನಷ್ಟ ಮೀರಿದ್ದಕ್ಕೆ ಸುಂಕ ಬೀಳುತ್ತದೆ. ಸೋರಿದ ಗ್ಯಾಸ್ಕೆಟ್ಟಿಗೂ ಸುಂಕ ಕಟ್ಟಿದ ಹಾಗೆ ಆಗುತ್ತದೆ.

ಧಾರವಾಡದಾಂವ:
ಮತ್ತ ವಿಸ್ಕಿ? ಪೀಪಾಯಿಯೊಳಗ ಇಟ್ಟರ ಕಿಮ್ಮತ್ತು ಏರ್ತದಲ್ರಿ.

ಧನಿಯ:
ಏರುತ್ತದೆ, ಆದರೆ ಪೀಪಾಯಿ ಖಾಲಿಯೂ ಆಗುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 2% ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ 10%ಕ್ಕೂ ಹೆಚ್ಚು. 200 ಲೀಟರ್ ತುಂಬಿಸಿದರೆ ನಾಲ್ಕು ವರ್ಷಕ್ಕೆ 130 ಉಳಿದರೆ ಪುಣ್ಯ. ಬೇಗ ಪಕ್ವವಾಗುತ್ತದೆ ಅನ್ನುವುದು ಲಾಭ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ ಮಾಲ್ಟ್ ವಿಸ್ಕಿ ಬಿಡುಗಡೆ ಮಾಡಿದಾಗ ಅವರ ಹಿಂದೆ 1948ರಿಂದ ನಡೆಯುತ್ತಿದ್ದ ಕಂಪನಿ ಇತ್ತು. ಹೊಸಬರಿಗೆ ನಾಲ್ಕು ವರ್ಷ ಸಂಬಳ ಕೊಡುವವರು ಯಾರು? ಜಿನ್ ಎರಡು ವಾರ ಕೂತರೆ ಬಾಟಲಿಗೆ ರೆಡಿ. ಅದರ ದುಡ್ಡಿನಲ್ಲಿ ವರ್ಷಕ್ಕೆ ನಾಲ್ಕು ಪೀಪಾಯಿ ತುಂಬಿಸಿ, ಸಾಕು.

ಲಾವಂಚ:
ಎಲ್ಲರಿಗೂ ಧನ್ಯವಾದ. ಕೊನೆಯ ಒಂದು ಪ್ರಶ್ನೆ. 80%ದ 100 ಲೀಟರನ್ನು 42.8ಕ್ಕೆ ಇಳಿಸಲು 87 ಲೀಟರ್ ನೀರು ಅಂತ ಲೆಕ್ಕ ಬರುತ್ತದೆ, ಸರಿಯಾ? ಈ 42.8 ಎಲ್ಲಿಂದ ಬಂತು?

ಹಳೆ ಬಾಯ್ಲರ್:
42.8 ಅಂದರೆ ಹಳೆ ಬ್ರಿಟಿಷ್ ಪ್ರೂಫ್ ಲೆಕ್ಕದ 75 ಡಿಗ್ರಿ. ಅಲ್ಲಿ 100 ಪ್ರೂಫ್ ಅಂದರೆ 57.1%.

87 ಸರಿಯಲ್ಲ. ಆಲ್ಕೋಹಾಲ್, ನೀರು ಬೆರೆತಾಗ ಒಟ್ಟು ಗಾತ್ರ ಕುಗ್ಗುತ್ತದೆ. 187 ಲೀಟರ್ ಆಗಬೇಕಾದರೆ ನೀರು 90 ಲೀಟರಿನ ಮೇಲೆ ಬೇಕು. ಗಾತ್ರದ ಬದಲು ತೂಕದಲ್ಲಿ ಕೆಲಸ ಮಾಡಿ: ಟ್ಯಾಂಕಿನ ಕೆಳಗೆ ಪ್ಲಾಟ್‌ಫಾರ್ಮ್ ತಕ್ಕಡಿ ಇಡಿ, ಕೋಷ್ಟಕ ನೋಡಿ ತೂಗಿ ಹಾಕಿ. ಆರ್‌ಒ ಅಥವಾ ಡಿಎಂ (ಲವಣ ತೆಗೆದ) ನೀರು ಮಾತ್ರ. ಬೋರ್‌ವೆಲ್ ನೀರಾದರೆ ವಾರದೊಳಗೆ ತಳದಲ್ಲಿ ಬಿಳಿ ಚೂರು ಕೂರುತ್ತದೆ. ಮೊದಲು 44ರವರೆಗೆ ಇಳಿಸಿ, ಒಂದು ದಿನ ಬಿಟ್ಟು, ಮತ್ತೆ ಅಳೆದು ಉಳಿದ ನೀರು ಹಾಕಿ. ನೀರು ಜಾಸ್ತಿಯಾದರೆ ವಾಪಸ್ ತೆಗೆಯಲು ಆಗುವುದಿಲ್ಲ.

ಹೈಡ್ರೋಮೀಟರ್ 20 ಡಿಗ್ರಿಗೆ ಮಾಡಿರುತ್ತದೆ. 30 ಡಿಗ್ರಿಯ ಶೆಡ್ಡಿನಲ್ಲಿ ಅದು 46-47 ತೋರಿಸಿದರೆ ನಿಜವಾದದ್ದು 43ರ ಆಸುಪಾಸು. ಪ್ರತಿ ಡಿಗ್ರಿಗೆ ಸುಮಾರು 0.4 ವ್ಯತ್ಯಾಸ. ಲೇಬಲ್ಲಿನಲ್ಲಿ 42.8 ಅಂತ ಬರೆದು ಬಾಟಲಿಯಲ್ಲಿ 39 ಇದ್ದರೆ ಸ್ಯಾಂಪಲ್ ತೆಗೆದ ದಿನ ಇಡೀ ಬ್ಯಾಚ್ ತಡೆಹಿಡಿಯುತ್ತಾರೆ. 0ರಿಂದ 100ರ ಒಂದೇ ಕೋಲು ಬೇಡ, 40-50ರ ಸಣ್ಣ ಅಂತರದ್ದು, ಪ್ರಮಾಣಪತ್ರ ಇರುವುದು ತೆಗೆದುಕೊಳ್ಳಿ. ಒಂದು ಒಡೆಯುತ್ತದೆ, ಎರಡು ತೆಗೆದುಕೊಳ್ಳಿ.